ಹಳೆಯ ವಿಲ್ಲಿಸ್ ಡೆಲಿವರಿ ವ್ಯಾನ್‌ಗೆ ಮಹೀಂದ್ರ ಜೀಪಿನಿಂದ ಮರುಹುಟ್ಟು: ಬೆಂಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಪಕ್ಕದಲ್ಲಿ ಕಿಟಕಿಗಳಿಲ್ಲದೆ, ಹಿಂಭಾಗವೆಲ್ಲ ತಗಡಿನಿಂದ ಮುಚ್ಚಿರುವ, ಅಮೆರಿಕದ ವಿಲ್ಲಿಸ್ ಕಂಪನಿಯ ಡೆಲಿವರಿ ವ್ಯಾನ್ ನಿಮ್ಮ ಕೈಸೇರಿದ್ದರೆ, ಬಿಡಿಭಾಗಕ್ಕಾಗಿ ಅಮೆರಿಕದ ಕ್ಯಾಟಲಾಗ್‌ಗಳನ್ನು ತಿರುವಿಹಾಕುವ ಮುನ್ನ ನಮ್ಮ ನಾಡಿನ ಹಳೆಯ ಮಹೀಂದ್ರ ಜೀಪುಗಳತ್ತ ಒಮ್ಮೆ ನೋಡಿ. ವಿಲ್ಲಿಸ್ ಜೀಪುಗಳನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಯಿಂದ ಭಾರತದಲ್ಲಿ ಜೋಡಿಸುತ್ತ ಬಂದು, ಆಮೇಲೆ ಇಲ್ಲೇ ತಯಾರಿಸಿತು. ಅದೇ ವಂಶದ ಎಂಜಿನ್, ಗೇರ್‌ಬಾಕ್ಸ್, ಬ್ರೇಕುಗಳು ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿವೆ. ಇನ್ನೊಂದು ಕಾರಣವೂ ಇದೆ: ಅಮೆರಿಕದಿಂದ ಬರುವ ಸ್ಟೀರಿಂಗ್ ಮತ್ತು ಪೆಡಲ್ ಭಾಗಗಳು ಎಡಗೈ ಚಾಲನೆಯ ಗಾಡಿಗಳಿಗೆ ಮಾಡಿದವು. ಬಲಗೈ ಚಾಲನೆಯ ವ್ಯಾನ್‌ಗೆ ಬೇಕಾದುದು ಇಲ್ಲಿನ ಜೀಪಿನಲ್ಲೇ ಸಿಗುತ್ತದೆ.

ಬಿಡಿಭಾಗಕ್ಕಾಗಿಯೇ ಕೊಂಡು ಬಿಚ್ಚುವ ಆ ಎರಡನೆಯ ಗಾಡಿಯನ್ನು ಇಲ್ಲಿ ದಾನಿ ಜೀಪು ಎಂದು ಕರೆಯುತ್ತೇನೆ. ಈ ಇಡೀ ಕೆಲಸಕ್ಕೆ ನನ್ನ ಸೂತ್ರ ಒಂದೇ. ಸವೆಯುವ ಭಾಗಗಳನ್ನು ದಾನಿಯಿಂದ ಧಾರಾಳವಾಗಿ ತನ್ನಿ. ಗಾಡಿಯ ಗುರುತಾದ ಚಾಸಿ, ಬಾಡಿ ಮತ್ತು ಎಂಜಿನ್ ಬ್ಲಾಕ್‌ಗಳನ್ನು ಬದಲಿಸಬೇಡಿ. ಇದು ಕೇವಲ ಅಭಿಮಾನದ ಮಾತಲ್ಲ, ಕಾನೂನೂ ಅದನ್ನೇ ಹೇಳುತ್ತದೆ.

ಮೊದಲು ಕಾಗದಪತ್ರ

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗಾಗಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗೆ ಈ ಮಾನ್ಯತೆ ಸಿಗುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿದ್ದರೆ ಸಿಗುವುದಿಲ್ಲ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಪ್ರಮಾಣಪತ್ರದ ಅವಧಿ 10 ವರ್ಷ. ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ನಿಮ್ಮ ವ್ಯಾನ್‌ಗೆ ಮೈಸೂರು ರಾಜ್ಯದ ಕಾಲದ ‘ಎಂವೈ’ ಸರಣಿಯ ಸಂಖ್ಯೆ ಇದ್ದರೆ ಅದನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ.

ಇದರ ಮಿತಿಯನ್ನೂ ಅರಿತಿರಬೇಕು. ಈ ವರ್ಗದಲ್ಲಿ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನವೂ ಓಡಿಸುವ ಉದ್ದೇಶವಿದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಿ. ಆಗಲೂ ಎಂಜಿನ್ ಬದಲಿಸಬೇಕೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಟಿಒ ಅನುಮತಿ ಬೇಕು. ಹಳೆಯ ವ್ಯಾನ್‌ಗೆ ಡೀಸೆಲ್ ಎಂಜಿನ್ ಕೂರಿಸೋಣ ಎಂದು ಗ್ಯಾರೇಜಿನವರು ಸಲಹೆ ಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಆ ಒಂದು ನಿರ್ಧಾರದಿಂದ ವಿಂಟೇಜ್ ಮಾನ್ಯತೆಯ ಬಾಗಿಲು ಮುಚ್ಚಿಹೋಗುತ್ತದೆ.

ಕೆಲಸ ಶುರುಮಾಡುವ ಮುನ್ನ ಚಾಸಿ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ (ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪಡೆಯುವ ಅಚ್ಚು) ತೆಗೆದಿಡಿ. ಎಂಜಿನ್ ಸಂಖ್ಯೆ ಮತ್ತು ಡ್ಯಾಶ್‌ಬೋರ್ಡಿನ ತಗಡಿನ ಫಲಕಗಳ ಫೋಟೋ ತೆಗೆಯಿರಿ. ಸ್ಯಾಂಡ್ ಬ್ಲಾಸ್ಟಿಂಗ್ (ಮರಳು ಚಿಮ್ಮಿಸಿ ತುಕ್ಕು, ಬಣ್ಣ ಕೀಳುವುದು) ಆದಮೇಲೆ ಸಂಖ್ಯೆ ಮಸುಕಾದರೆ ಈ ದಾಖಲೆಯೇ ನಿಮ್ಮನ್ನು ಕಾಯುತ್ತದೆ.

ದಾನಿ ಜೀಪಿಗೂ ಕಾಗದ ಬೇಕು. ಆರ್‌ಸಿ ಇಲ್ಲದ ಜೀಪನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ಬಿಚ್ಚಿದ ಗಾಡಿ ಇನ್ನು ಓಡುವುದಿಲ್ಲವೆಂದಾದಾಗ ಕಾಯ್ದೆಯ 55ನೇ ಕಲಮಿನಂತೆ ಮಾಲೀಕ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಅದು ಮುಗಿಯುವವರೆಗೆ ಚಾಸಿ ಸಂಖ್ಯೆಯಿರುವ ಭಾಗವನ್ನು ಕತ್ತರಿಸಬೇಡಿ. ಬರಿದಾದ ಚಾಸಿಯನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ರಸೀದಿ ಪಡೆಯಿರಿ.

ನಿಮ್ಮ ವ್ಯಾನ್ ಯಾವುದು?

ಬಾನೆಟ್ ಎತ್ತಿ ಎಂಜಿನ್ ನೋಡಿ. ಚಪ್ಪಟೆ ಹೆಡ್ ಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್‌ಗಳು ನೆಟ್ಟಗೆ ನಿಂತಿದ್ದು, ರಾಕರ್ ಕವರ್ (ವಾಲ್ವ್ ಒತ್ತುವ ಸನ್ನೆಗಳ ಮೇಲಿನ ಮುಚ್ಚಳ) ಇಲ್ಲದಿದ್ದರೆ ಅದು ‘ಗೋ ಡೆವಿಲ್’. ಮೇಲೆ ರಾಕರ್ ಕವರ್ ಇದ್ದು ಎಂಜಿನ್ ಎತ್ತರವಾಗಿದ್ದರೆ ‘ಹರಿಕೇನ್’. ಮಹೀಂದ್ರದ ಸಿಜೆ 3ಬಿ ಪೆಟ್ರೋಲ್ ಜೀಪಿನಲ್ಲಿ ಇರುವುದೂ ಇದೇ. ಎರಡೂ 2,199 ಸಿಸಿ, ಬೋರ್ (ಸಿಲಿಂಡರಿನ ವ್ಯಾಸ) 3⅛ ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 4⅜ ಇಂಚು. ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಮುಂತಾದ ಕೆಳಗಿನ ಅರ್ಧದ ಭಾಗಗಳು ಬಹುಮಟ್ಟಿಗೆ ಒಂದೇ ಬಗೆಯವು. ಹೆಡ್, ಕ್ಯಾಮ್‌ಶಾಫ್ಟ್ ಮತ್ತು ವಾಲ್ವ್‌ಗಳ ವ್ಯವಸ್ಥೆ ಬೇರೆ. ಆರು ಸಿಲಿಂಡರಿನ ಎಂಜಿನ್ ಇದ್ದರೆ ದಾನಿ ಜೀಪಿನ ಎಂಜಿನ್ನಿಂದ ಪ್ರಯೋಜನವಿಲ್ಲ. ಆಗ ಬ್ರೇಕು, ದೀಪ, ಪೆಡಲುಗಳಿಗೆ ಮಾತ್ರ ದಾನಿಯನ್ನು ನೆಚ್ಚಿಕೊಳ್ಳಿ.

ಮುಂದಿನ ಆಕ್ಸಲ್‌ನಲ್ಲೂ (ಚಕ್ರಗಳನ್ನು ಹೊರುವ ಅಚ್ಚು) ಎರಡು ಬಗೆ. ಎರಡು ಚಕ್ರ ಚಾಲನೆಯ ಹಲವು ವ್ಯಾನ್‌ಗಳಲ್ಲಿ ‘ಪ್ಲೇನಡೈನ್’ ಎಂಬ ಸ್ವತಂತ್ರ ಸಸ್ಪೆನ್ಷನ್ ಇದೆ: ಗಾಡಿಗೆ ಅಡ್ಡಲಾಗಿ ಒಂದೇ ಪಟ್ಟಾ ಸ್ಪ್ರಿಂಗ್. ಅದಕ್ಕೆ ಜೀಪಿನ ಯಾವ ಭಾಗವೂ ಹೊಂದುವುದಿಲ್ಲ, ಇರುವುದನ್ನೇ ಬುಷ್ ಮತ್ತು ಪಿನ್ ಬದಲಿಸಿ ಉಳಿಸಿಕೊಳ್ಳಬೇಕು. ನಾಲ್ಕು ಚಕ್ರ ಚಾಲನೆಯದರಲ್ಲಿ ಗಟ್ಟಿ ಆಕ್ಸಲ್ ಇರುತ್ತದೆ.

ದಾನಿಯನ್ನು ಆರಿಸುವುದು

ನಿಮ್ಮ ಎಂಜಿನ್ನಿಗೆ ಭಾರಿ ಕೆಲಸ ಬೇಕಿದ್ದರೆ ಪೆಟ್ರೋಲ್ ಸಿಜೆ 3ಬಿಯನ್ನೇ ಹುಡುಕಿ. ಎಂಜಿನ್ ಚೆನ್ನಾಗಿದ್ದರೆ ಮಹೀಂದ್ರದ್ದೇ ಡೀಸೆಲ್ ಜೀಪಾದ ಎಂಎಂ 540 ಸಾಕು. ಅದು ಸುಲಭವಾಗಿ ಸಿಗುತ್ತದೆ, ಬ್ರೇಕು ಮತ್ತು ವಿದ್ಯುತ್ ಭಾಗಗಳು ಹೊಸ ಕಾಲದವು.

ಜೀಪು ಎಲ್ಲಿ ದುಡಿದಿದೆ ಎಂಬುದು ಅದರ ವಯಸ್ಸಿಗಿಂತ ಮುಖ್ಯ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ದುಡಿದ ಜೀಪುಗಳು ಮೇಲೆ ಚೆನ್ನಾಗಿ ಕಂಡರೂ ಅಡಿಭಾಗ ಮಳೆ ಮತ್ತು ಕೆಸರಿನಿಂದ ತಿಂದುಹೋಗಿರುತ್ತದೆ; ಇಳಿಜಾರಿನಲ್ಲಿ ಭಾರ ಹೊತ್ತು ಕ್ಲಚ್, ಬ್ರೇಕು, ಮೊದಲ ಗೇರು ಸವೆದಿರುತ್ತವೆ. ಕರಾವಳಿಯ ಗಾಡಿಯಂತೂ ಬೇಡವೇ ಬೇಡ. ನನ್ನ ಆಯ್ಕೆ ಚಿತ್ರದುರ್ಗ, ಬಳ್ಳಾರಿ, ರಾಯಚೂರು ಕಡೆಯ ಒಣ ನೆಲದ ಜೀಪು. ಅದರಲ್ಲಿ ಎಂಜಿನ್ ಧೂಳು ಕುಡಿದು ಸವೆದಿರಬಹುದು, ಆದರೆ ನಟ್ಟು ಬೋಲ್ಟುಗಳು ತುಂಡಾಗದೆ ಬಿಚ್ಚಿಬರುತ್ತವೆ. ಬಿಚ್ಚುವುದಕ್ಕೇ ಕೊಳ್ಳುವ ಗಾಡಿಯಲ್ಲಿ ಈ ಗುಣಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಜೀಪಿನ ಆಕ್ಸಲ್ ಅನ್ನು ಇಡಿಯಾಗಿ ವ್ಯಾನ್‌ಗೆ ಹಾಕಬಹುದು ಎಂದು ಹಲವರು ತಿಳಿಯುತ್ತಾರೆ. ಆಗದು. ಸಿಜೆ 3ಬಿ ಜೀಪಿನ ಎಡಬಲ ಚಕ್ರಗಳ ನಡುವಿನ ಅಂತರ ಸುಮಾರು 48.5 ಇಂಚು, ವ್ಯಾನ್‌ನದು ಅದಕ್ಕಿಂತ ಎಷ್ಟೋ ಅಗಲ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಕೂಡ ಜೀಪಿನದು 80 ಇಂಚಾದರೆ ವ್ಯಾನ್‌ನದು 104. ಆದ್ದರಿಂದ ಆಕ್ಸಲ್‌ನ ಹೊರಕವಚವಾದ ಹೌಸಿಂಗ್ ನಿಮ್ಮದೇ ಇರಲಿ. ಬೇರಿಂಗ್, ಕ್ರೌನ್ ಮತ್ತು ಪಿನಿಯನ್ ಎಂಬ ಜೋಡಿ ಗೇರು ಮುಂತಾದ ಒಳಭಾಗಗಳನ್ನು ಮಾತ್ರ, ಅದೂ ಎರಡೂ ಆಕ್ಸಲ್‌ಗಳ ಮಾದರಿ ಒಂದೇ ಎಂದು ಖಚಿತವಾದಮೇಲೆ ತನ್ನಿ. ಕ್ರೌನ್‌ನ ಹಲ್ಲುಗಳನ್ನು ಎಣಿಸಿ ಪಿನಿಯನ್ ಹಲ್ಲುಗಳಿಂದ ಭಾಗಿಸಿ. 43ಕ್ಕೆ 8 ಇದ್ದರೆ ಅನುಪಾತ 5.38, ಹಳೆಯ ಜೀಪುಗಳದು. 39ಕ್ಕೆ 8 ಇದ್ದರೆ 4.88. ನಾಲ್ಕು ಚಕ್ರ ಚಾಲನೆಯ ವ್ಯಾನ್‌ನಲ್ಲಿ ಹಿಂದೆ ಮುಂದೆ ಎರಡೂ ಒಂದೇ ಇರಲೇಬೇಕು, ಇಲ್ಲದಿದ್ದರೆ ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಚಕ್ರದ ಬೋಲ್ಟುಗಳನ್ನೂ ಅಳೆಯಿರಿ. ಜೀಪಿನಲ್ಲಿ ಐದು ಬೋಲ್ಟುಗಳು, ಅವು ಕೂರುವ ವೃತ್ತದ ವ್ಯಾಸ 139.7 ಮಿಲಿಮೀಟರ್. ನಿಮ್ಮದೂ ಅಷ್ಟೇ ಇದ್ದರೆ ಚಕ್ರಗಳ ಚಿಂತೆ ತೀರಿತು.

ಬಿಚ್ಚುವುದು

ಎರಡು ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸುವಷ್ಟು ಜಾಗ, ಮೇಲೊಂದು ಶೀಟಿನ ಚಾವಣಿ ಇದ್ದರೆ ಮಾತ್ರ ಮುಂದುವರಿಯಿರಿ. ಬೆಂಗಳೂರಿನಲ್ಲಿ ಈ ಕೆಲಸ ನಿಲ್ಲುವುದು ಹಣಕ್ಕಿಂತ ಹೆಚ್ಚಾಗಿ ಜಾಗದ ಕೊರತೆಯಿಂದ. ನಗರದೊಳಗೆ ಜಾಗವಿಲ್ಲದವರು ನೆಲಮಂಗಲ, ಹೊಸಕೋಟೆ, ಆನೇಕಲ್ ಕಡೆ ಶೆಡ್ ಬಾಡಿಗೆಗೆ ಹುಡುಕುವುದು ಒಳ್ಳೆಯದು.

ಮೊದಲು ವ್ಯಾನ್ ಬಿಚ್ಚಿ, ದಾನಿಯನ್ನು ಇಡಿಯಾಗಿಯೇ ಇಟ್ಟುಕೊಂಡಿರಿ. ಯಾವ ಕ್ಲಿಪ್ ಎಲ್ಲಿ ಕೂರುತ್ತದೆ, ಯಾವ ಪೈಪ್ ಯಾವುದರ ಮೇಲೆ ಹಾಯುತ್ತದೆ ಎಂಬುದಕ್ಕೆ ಕಣ್ಣೆದುರು ನಿಂತ ಜೀಪೇ ಪಾಠ. ಪ್ರತಿ ಬೋಲ್ಟನ್ನೂ ಜಿಪ್ ಚೀಲದಲ್ಲಿ ಹಾಕಿ, ಎಲ್ಲಿಯದೆಂದು ಬರೆದಿಡಿ. ತುಕ್ಕು ಹಿಡಿದ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ; ಬಗ್ಗದಿದ್ದರೆ ನಟ್ಟನ್ನು ಬಿಸಿ ಮಾಡಿ. ಹಳೆಯ ಭಾಗ ಎಷ್ಟೇ ಕೆಟ್ಟಿದ್ದರೂ ಹೊಸದು ಕೂರುವವರೆಗೆ ಎಸೆಯಬೇಡಿ, ಅದೇ ನಿಮ್ಮ ಅಳತೆ.

ತಗಡಿನ ಕೆಲಸ

ಈ ವ್ಯಾನ್‌ನ ಸೌಂದರ್ಯವೆಲ್ಲ ಅದರ ಪಕ್ಕದ ಉದ್ದನೆಯ ತಗಡಿನಲ್ಲಿದೆ, ಕಷ್ಟವೂ ಅಲ್ಲೇ. ಅಮೆರಿಕದ ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ ರೂಪಿಸಿದ ಈ ಬಾಡಿಯ ತಗಡುಗಳಿಗೆ ಆಳವಾದ ಉಬ್ಬುತಗ್ಗುಗಳಿಲ್ಲ, ಏಕೆಂದರೆ ಹೆಚ್ಚು ಆಳಕ್ಕೆ ಒತ್ತಲಾಗದ ಯಂತ್ರಗಳಲ್ಲೇ ಅವು ತಯಾರಾಗಬೇಕಿತ್ತು. ನಮಗೆ ಅದೇ ಅನುಕೂಲ. ಸಿಆರ್ ಶೀಟನ್ನು (ತಣ್ಣಗೆ ಉರುಳಿಸಿ ಮಾಡಿದ ಉಕ್ಕಿನ ತಗಡು) ಬಗ್ಗಿಸುವ ಯಂತ್ರವೊಂದು, ಅನುಭವಿ ಟಿಂಕರ್ ಒಬ್ಬರು ಇದ್ದರೆ ನೆಲ, ಸಿಲ್ (ಬಾಗಿಲ ಕೆಳಗಿನ ಪಟ್ಟಿ), ಚಕ್ರದ ಮೇಲಿನ ಕಮಾನಿನ ಒಳಭಾಗ, ಹಿಂಬಾಗಿಲ ಕೆಳಪಟ್ಟಿ ಎಲ್ಲವನ್ನೂ ಇಲ್ಲೇ ಮಾಡಿಸಬಹುದು. ಚೆನ್ನಾಗಿ ಉಳಿದಿರುವ ಒಂದು ಕಡೆ ಮೈಕ್ರೋಮೀಟರಿನಿಂದ ದಪ್ಪ ಅಳೆದು ಅಷ್ಟೇ ದಪ್ಪದ ಶೀಟ್ ತರಿಸಿ. ತೆಳು ಶೀಟ್ ಹಾಕಿ ಪುಟ್ಟಿಯಿಂದ ಸರಿದೂಗಿಸುವ ಕೆಲಸಕ್ಕೆ ಅವಕಾಶ ಕೊಡಬೇಡಿ.

ದಾನಿ ಜೀಪಿನ ಬಾಡಿ ತಗಡು ಇಲ್ಲಿ ಆಕಾರಕ್ಕೆ ಹೊಂದುವುದಿಲ್ಲ. ಆದರೆ ಅದರ ನೆಲದ ಸಪಾಟು ಭಾಗಗಳು ಗಟ್ಟಿಯಾಗಿದ್ದರೆ ಒಳಗಿನ ತೇಪೆಗಳಿಗೆ ಬಳಸಬಹುದು.

ಸ್ಯಾಂಡ್ ಬ್ಲಾಸ್ಟಿಂಗ್ ಬಗ್ಗೆ ಕಟ್ಟುನಿಟ್ಟಾಗಿರಿ. ಚಾಸಿ, ಚಕ್ರ, ಬ್ರಾಕೆಟ್‌ಗಳನ್ನು ಪೀಣ್ಯದ ಯಾವುದಾದರೂ ಬ್ಲಾಸ್ಟಿಂಗ್ ಘಟಕಕ್ಕೆ ಕಳುಹಿಸಿ. ಪಕ್ಕದ ತಗಡನ್ನು ಮಾತ್ರ ಕಳುಹಿಸಬೇಡಿ. ಮರಳಿನ ಹೊಡೆತಕ್ಕೆ ಚಪ್ಪಟೆ ತಗಡು ಹಿಗ್ಗಿ ಅಲೆಅಲೆಯಾಗುತ್ತದೆ, ಮತ್ತೆ ನೇರವಾಗುವುದಿಲ್ಲ. ಅದಕ್ಕೆ ಬಣ್ಣ ಕೀಳುವ ರಾಸಾಯನಿಕ, ಆಮೇಲೆ ಕೈಯಿಂದ ಎಮರಿ ಕಾಗದ, ತುಕ್ಕಿನ ಮೇಲೆ ಫಾಸ್ಫಾರಿಕ್ ಆಮ್ಲದ ದ್ರಾವಣ. ಮಾಸ್ಕ್, ಕೈಗವಸು ಕಡ್ಡಾಯ. 1950ರ ದಶಕದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಒಣ ಧೂಳು ಎಬ್ಬಿಸದೆ ನೀರು ಹಾಕಿ ಉಜ್ಜಿ.

ಹಾಗೆ ಉಜ್ಜುವಾಗ ಅವಸರ ಬೇಡ. ಇಂಥ ವ್ಯಾನ್‌ಗಳ ಪಕ್ಕದಲ್ಲಿ ಅಂಗಡಿಯ ಹೆಸರು, ಸರಕಿನ ಹೆಸರು ಕೈಬರಹದಲ್ಲಿ ಇರುತ್ತಿದ್ದವು. ಮೇಲೆ ಎಷ್ಟು ಪದರ ಬಣ್ಣ ಬಳಿದಿದ್ದರೂ 800 ನಂಬರಿನ ನೀರುಕಾಗದದಿಂದ ನಿಧಾನವಾಗಿ ಉಜ್ಜಿದರೆ ಹಳೆಯ ಅಕ್ಷರಗಳು ಒಂದೊಂದಾಗಿ ಕಾಣಿಸಿಕೊಳ್ಳಬಹುದು. ರಾಸಾಯನಿಕ ಹಚ್ಚುವ ಮೊದಲೇ ಎರಡೂ ಬದಿಗಳಲ್ಲಿ ಇದನ್ನು ಮಾಡಿ ನೋಡಿ. ಅಕ್ಷರ ಕಂಡರೆ ಪಾರದರ್ಶಕ ಕಾಗದದ ಮೇಲೆ ನಕಲು ತೆಗೆದು, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಈ ನಗರದ ವ್ಯಾಪಾರದ ಚರಿತ್ರೆಯ ಒಂದು ತುಣುಕು ಆ ತಗಡಿನ ಮೇಲಿದೆ. ಅದನ್ನು ನೋಡದೆ ಉಜ್ಜಿಹಾಕುವುದು ನನ್ನ ಮಟ್ಟಿಗೆ ತುಕ್ಕಿಗಿಂತ ದೊಡ್ಡ ನಷ್ಟ.

ವೆಲ್ಡಿಂಗ್‌ಗೆ ಸಿಒ2 ಯಂತ್ರವೇ ಆಗಲಿ. ಗ್ಯಾಸ್ ವೆಲ್ಡಿಂಗ್‌ನ ಶಾಖ ಹರಡಿ, ಒತ್ತಿದರೆ ಟಕ್ ಎಂದು ಒಳಹೋಗಿ ಹೊರಬರುವ ಸಡಿಲ ತಗಡು ಉಳಿಯುತ್ತದೆ. ಚುಕ್ಕಿ ಚುಕ್ಕಿಯಾಗಿ, ಒಂದು ಕಡೆ ಹಾಕಿ ಇನ್ನೊಂದು ತುದಿಗೆ ಹೋಗಿ, ತಣ್ಣಗಾಗಲು ಬಿಟ್ಟು ಮುಂದುವರಿಯಬೇಕು. ಬಾಗಿಲುಗಳನ್ನು ಕೂರಿಸಿ, ಸಂದು ಸರಿಯಿದೆಯೇ ನೋಡಿಯೇ ನೆಲವನ್ನು ಪೂರ್ತಿ ಬೆಸೆಯಿರಿ. ಪುಟ್ಟಿಯ ದಪ್ಪ ಎರಡು ಮಿಲಿಮೀಟರ್ ದಾಟದಿರಲಿ.

ಎಂಜಿನ್

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಸೆಲ್ಫ್ ಮೋಟರಿನಿಂದ ತಿರುಗಿಸಲು ಹೋಗಬೇಡಿ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಹಾಕಿ ಕೆಲವು ದಿನ ಬಿಟ್ಟು, ಹ್ಯಾಂಡಲ್‌ನಿಂದ ಹಿಂದೆ ಮುಂದೆ ಮೆಲ್ಲನೆ ಅಲುಗಾಡಿಸಿ. ತಿರುಗಿದಮೇಲೆ ಕಂಪ್ರೆಷನ್ ಪರೀಕ್ಷಿಸಿ, ಬಿಚ್ಚಬೇಕೋ ಬೇಡವೋ ಎಂದು ಆಗ ತೀರ್ಮಾನಿಸಿ.

ಬಿಚ್ಚಿದರೆ ನಿಮ್ಮ ಬ್ಲಾಕ್ ಉಳಿಯಬೇಕು. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿ. ಗೋಡೆ ತೀರಾ ತೆಳುವಾಗಿದ್ದರೆ ಸ್ಲೀವ್ ಹಾಕಿಸಿ. ದಾನಿಯಿಂದ ಕ್ರ್ಯಾಂಕ್, ಆಯಿಲ್ ಪಂಪ್, ವಾಟರ್ ಪಂಪ್, ಮ್ಯಾನಿಫೋಲ್ಡ್, ಹರಿಕೇನ್ ಆಗಿದ್ದರೆ ಹೆಡ್ ಮತ್ತು ರಾಕರ್‌ಗಳು ಸಿಗುತ್ತವೆ. ಯಾವುದನ್ನೂ ನೋಡಿದೊಡನೆ ಹಾಕಬೇಡಿ, ಲೇತ್ ಅಂಗಡಿಯಲ್ಲಿ ಅಳತೆ ಮಾಡಿಸಿ. ಕ್ರ್ಯಾಂಕ್ ಹಿಂದೆ ಎಷ್ಟು ಗ್ರೈಂಡ್ ಆಗಿದೆ ಎಂಬುದರ ಮೇಲೆ ಬೇರಿಂಗ್ ಅಳತೆ ನಿಂತಿದೆ. ಗ್ಯಾಸ್ಕೆಟ್, ಬೇರಿಂಗ್, ರಿಂಗ್, ಆಯಿಲ್ ಸೀಲ್ ಮಾತ್ರ ಎಂದಿಗೂ ದಾನಿಯಿಂದ ಬೇಡ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸದು ವಿಚಾರಿಸಿ.

ಜೋಡಿಸುವಾಗ ಬೇಕಾಗುವ ಅಂಕಿಗಳು: ಹೆಡ್ ಬೋಲ್ಟಿಗೆ 60ರಿಂದ 70 ಅಡಿ-ಪೌಂಡ್, ಫೈರಿಂಗ್ ಕ್ರಮ 1-3-4-2, ಪ್ಲಗ್ ಅಂತರ 0.030 ಇಂಚು, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಅಂತರ 0.020 ಇಂಚು. ವಾಲ್ವ್ ಅಂತರ ಗೋ ಡೆವಿಲ್‌ನಲ್ಲಿ ಎರಡಕ್ಕೂ 0.016 ಇಂಚು, ಹರಿಕೇನ್‌ನಲ್ಲಿ ಒಳವಾಲ್ವಿಗೆ (ಇನ್‌ಲೆಟ್) 0.018, ಹೊರವಾಲ್ವಿಗೆ (ಎಕ್ಸಾಸ್ಟ್) 0.016, ಎಂಜಿನ್ ತಣ್ಣಗಿರುವಾಗ.

ಪೆಟ್ರೋಲಿನ ವಿಷಯ ಬೇರೆಯಾಗಿಯೇ ಹೇಳಬೇಕು. ಈ ಎಂಜಿನ್ನುಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. ಭಾರತದಲ್ಲಿ ಅದು 2000ದಲ್ಲಿ ನಿಂತಿತು. ಹೆಡ್ ಬಿಚ್ಚಿದಾಗಲೇ ಹೊರವಾಲ್ವುಗಳಿಗೆ ಗಟ್ಟಿ ಲೋಹದ ಸೀಟ್ ಕೂರಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಹೋಸ್, ಪಂಪಿನ ಡಯಾಫ್ರಮ್ ಮೆತ್ತಗಾಗಿ ಒಡೆಯುತ್ತವೆ. ಎಥನಾಲ್ ತಡೆಯುವ ಹೋಸ್ ಹಾಕಿ, ಟ್ಯಾಂಕಿನ ಒಳಗೆ ತುಕ್ಕು ತೆಗೆಸಿ, ಗಾಡಿ ನಿಲ್ಲಿಸಿಡುವಾಗ ಹಳೆಯ ಪೆಟ್ರೋಲ್ ಬಿಡಬೇಡಿ. ಕಂಪ್ರೆಷನ್ ಅನುಪಾತ ಏಳರ ಆಸುಪಾಸಿನಲ್ಲಿರುವುದರಿಂದ ಸಾಮಾನ್ಯ ಪೆಟ್ರೋಲೇ ಸಾಕು, ದುಬಾರಿಯದು ಬೇಡ.

ಗೇರ್‌ಬಾಕ್ಸಿಗೆ ಜಿಎಲ್ 4 ದರ್ಜೆಯ ಎಣ್ಣೆ. ಜಿಎಲ್ 5 ಹಾಕಿದರೆ ಒಳಗಿನ ಹಿತ್ತಾಳೆಯ ಉಂಗುರಗಳಿಗೆ ಹಾನಿಯಾಗಬಹುದು. ಆಕ್ಸಲ್‌ಗೆ ಜಿಎಲ್ 5 ಸರಿ.

ಬ್ರೇಕ್ ಮತ್ತು ಸ್ಟೀರಿಂಗ್

ಮೂಲ ಬ್ರೇಕಿನಲ್ಲಿ ಒಂದೇ ಸರ್ಕೀಟ್. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಿ ಇಂಥ ಬ್ರೇಕನ್ನು ನಂಬಿ ಹೊರಡಬಾರದು. ದಾನಿಯಲ್ಲಿ ಎರಡು ಸರ್ಕೀಟಿನ ಮಾಸ್ಟರ್ ಸಿಲಿಂಡರ್ ಇದ್ದರೆ, ಚಾಸಿಯನ್ನು ಕತ್ತರಿಸದೆ ಬೋಲ್ಟಿನಿಂದ ಬಿಗಿಯುವ ಬ್ರಾಕೆಟ್ ಮಾಡಿಸಿ ಕೂರಿಸಿ. ಮುಂದೆ ಬೇಕಾದಾಗ ಬಿಚ್ಚಿ ಮೂಲದ್ದನ್ನೇ ಹಾಕುವಂತಿರಬೇಕು. ಮಾಸ್ಟರ್ ಸಿಲಿಂಡರಿನ ಬೋರ್ ಮತ್ತು ಚಕ್ರದ ಸಿಲಿಂಡರುಗಳ ಬೋರ್ ಒಂದಕ್ಕೊಂದು ಹೊಂದದಿದ್ದರೆ ಪೆಡಲ್ ಕಲ್ಲಿನಂತಾಗುತ್ತದೆ ಇಲ್ಲವೇ ನೆಲಕ್ಕೆ ಹೋಗುತ್ತದೆ, ಅದಕ್ಕಾಗಿ ಮೊದಲೇ ಅಳೆಯಿರಿ. ರಬ್ಬರ್ ಕಿಟ್, ಹೋಸ್, ಲೈನರ್ ಎಲ್ಲ ಹೊಸದು. ಪೈಪ್‌ಗೆ ಫ್ರಿಜ್ ರಿಪೇರಿಯ ತಾಮ್ರದ ಕೊಳವೆ ಬೇಡ. ಬ್ರೇಕಿಗೇ ಮಾಡಿದ ಉಕ್ಕಿನ ಪೈಪ್, ತುದಿಗೆ ಎರಡು ಮಡಿಕೆಯ ಫ್ಲೇರ್. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಿ.

ಸ್ಟೀರಿಂಗ್ ಬಾಕ್ಸ್ ಹಳೆಯ ಜೀಪಿನಲ್ಲಿರುವ ರಾಸ್ ಮಾದರಿಯದೇ ಆಗಿದ್ದರೆ ಒಳಗಿನ ಪಿನ್‌ಗಳು, ಬೇರಿಂಗ್‌ಗಳು ದಾನಿಯಿಂದ ಬರಬಹುದು. ಸ್ಟೀರಿಂಗ್ ರಾಡುಗಳನ್ನು ಯಾರೂ ವೆಲ್ಡ್ ಮಾಡದಂತೆ ನೋಡಿಕೊಳ್ಳಿ.

6 ವೋಲ್ಟಿನಿಂದ 12 ವೋಲ್ಟಿಗೆ

ಹೆಚ್ಚಿನ ಹಳೆಯ ವಿಲ್ಲಿಸ್‌ಗಳು 6 ವೋಲ್ಟಿನವು. ಪ್ರದರ್ಶನಕ್ಕೆ ಮಾತ್ರ ತೆಗೆಯುವವರು ಹಾಗೇ ಉಳಿಸಿಕೊಳ್ಳಲಿ, ದಪ್ಪ ತಂತಿ ಮತ್ತು ಶುದ್ಧ ಅರ್ತಿಂಗ್ ಇದ್ದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ರಾತ್ರಿ ಓಡಿಸುವವರಿಗೆ 12 ವೋಲ್ಟ್ ಬೇಕು.

ಇಲ್ಲಿ ಎಡವುವುದು ಸೆಲ್ಫ್ ಮೋಟರಿನಲ್ಲಿ. 6 ವೋಲ್ಟಿನ ಗಾಡಿಯಲ್ಲಿ ಈ ಮೋಟರ್ ಕಚ್ಚಿ ತಿರುಗಿಸುವ ಫ್ಲೈವೀಲ್ ರಿಂಗಿಗೆ 124 ಹಲ್ಲು, 12 ವೋಲ್ಟಿನದಕ್ಕೆ 129. ದಾನಿಯ ಮೋಟರ್ ಹಾಕುವುದಾದರೆ ಫ್ಲೈವೀಲನ್ನೂ ಜೊತೆಗೇ ತನ್ನಿ, ಹಲ್ಲು ಎಣಿಸಿ ಖಚಿತಪಡಿಸಿಕೊಳ್ಳಿ. ಕಾಯಿಲ್, ಬಲ್ಬುಗಳು, ಹಾರ್ನ್ ಬದಲಾಗಬೇಕು. ಆಮ್‌ಮೀಟರ್ ಬದಲಾಗಬೇಕಿಲ್ಲ. ಪೆಟ್ರೋಲ್ ಮತ್ತು ಉಷ್ಣತೆಯ ಮೀಟರುಗಳಿಗೆ ವೋಲ್ಟೇಜ್ ಇಳಿಸುವ ಸಾಧನ ಬೇಕು. ನಿರ್ವಾತದಿಂದ ಓಡುವ ವೈಪರ್ ಹಾಗೇ ಇರಲಿ. ಹೆಡ್‌ಲೈಟು 7 ಇಂಚಿನದಾಗಿದ್ದರೆ ಮಹೀಂದ್ರದ್ದೇ ಕೂರುತ್ತದೆ.

ವೈರಿಂಗನ್ನು ದಾನಿಯಿಂದ ಕಿತ್ತು ತರಬೇಡಿ, ಹೊಸದಾಗಿ ಎಳೆಯಿರಿ. ಫ್ಯೂಸ್ ಬಾಕ್ಸ್ ಸೇರಿಸಿ. ಬಣ್ಣ ಹೊಡೆದಮೇಲೆ ಅರ್ತಿಂಗ್ ಬಿಂದುಗಳಲ್ಲಿ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ. ಹೊಸ ಬಣ್ಣದ ಗಾಡಿಗಳಲ್ಲಿ ದೀಪ ಮಂಕಾಗುವುದು ಬಹುಪಾಲು ಇದರಿಂದಲೇ.

ಬಣ್ಣ, ಅಕ್ಷರ

ಮೂಲ ಬಣ್ಣ ಡ್ಯಾಶ್‌ಬೋರ್ಡಿನ ಹಿಂದೆ, ಫಲಕಗಳ ಕೆಳಗೆ ಉಳಿದಿರುತ್ತದೆ. ಬೆಂಗಳೂರಿನಲ್ಲಿ ಬಣ್ಣಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ, ಗಾಳಿ ಒಣಗಿರುತ್ತದೆ. ಬರಿ ಲೋಹದ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಉಳಿದದ್ದು. ಪಕ್ಕದ ತಗಡಿನ ಒಳಮೈಗೆ ಶಬ್ದ ಹೀರುವ ಹಾಳೆ ಅಂಟಿಸಿ, ಇಲ್ಲದಿದ್ದರೆ ಆ ಖಾಲಿ ಡಬ್ಬದೊಳಗೆ ಮಾತು ಕೇಳುವುದಿಲ್ಲ.

ಉಜ್ಜುವಾಗ ಸಿಕ್ಕ ಅಕ್ಷರಗಳನ್ನು ಸ್ಟಿಕ್ಕರ್ ಮಾಡಿಸಬೇಡಿ. ಕುಂಚ ಹಿಡಿದು ಬರೆಯುವ ಕಲಾವಿದರು ನಗರದಲ್ಲಿ ಇನ್ನೂ ಇದ್ದಾರೆ. ಫ್ಲೆಕ್ಸ್ ಬಂದಮೇಲೆ ಅವರಿಗೆ ಕೆಲಸ ಕಡಿಮೆಯಾಗಿದೆ, ಕೈ ಮಾತ್ರ ಹಾಗೇ ಇದೆ. ನಕಲು ಕಾಗದ ಕೊಟ್ಟು, ಎನಾಮೆಲ್ ಬಣ್ಣದಲ್ಲಿ ಬರೆಸಿ, ಅವರು ಕೇಳಿದಷ್ಟು ಸಂಬಳ ಕೊಡಿ. ಆ ಕಾಲದ ಗಾಡಿಗಳ ಮುಗಿತಾಯ ಹೇಗಿತ್ತೆಂದು ಕಣ್ಣಾರೆ ನೋಡಬೇಕಿದ್ದರೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೆ, ಇಲ್ಲವೇ ಧರ್ಮಸ್ಥಳದ ‘ಮಂಜೂಷಾ’ಕ್ಕೆ ಹೋಗಿಬನ್ನಿ.

ರಸ್ತೆಗಿಳಿಸುವುದು

ಮೊದಲ ಓಟ ಮುಂಜಾನೆ, ಮನೆಯ ಸುತ್ತಮುತ್ತ. ನಿಲ್ಲಿಸಿ ನಾಲ್ಕೂ ಡ್ರಮ್‌ಗಳ ಮೇಲೆ ಹತ್ತಿರದಿಂದ ಕೈಹಿಡಿದು ನೋಡಿ. ಒಂದು ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ. ಎಂಜಿನ್ ತಣ್ಣಗಾದಮೇಲೆ ಹೆಡ್ ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಮೊದಲ 500 ಕಿಲೋಮೀಟರ್‌ವರೆಗೆ ಗಂಟೆಗೆ 50 ಕಿಲೋಮೀಟರ್ ವೇಗ ದಾಟಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ. ಆಮೇಲೆ ಎಂಜಿನ್ ಎಣ್ಣೆ ಬದಲಿಸಿ, ವಾಲ್ವ್ ಅಂತರ, ಪಟ್ಟಾಗಳ ಯು ಬೋಲ್ಟು, ಚಕ್ರದ ನಟ್ಟುಗಳನ್ನು ಪರೀಕ್ಷಿಸಿ.

ಇದೆಲ್ಲ ಮುಗಿದಮೇಲೆ ವಿಂಟೇಜ್ ನೋಂದಣಿಗೆ ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಿ. ಪೆನ್ಸಿಲ್ ಪ್ರಿಂಟ್, ಹಳೆಯ ಆರ್‌ಸಿ, ವಿಮೆ, ಬಿಚ್ಚುವ ಮೊದಲಿನ ಫೋಟೋಗಳು, ದಾನಿಯಿಂದ ಬಂದ ಭಾಗಗಳ ಪಟ್ಟಿ, ದಾನಿಯ ನೋಂದಣಿ ರದ್ದಾದ ಪತ್ರ ಇವೆಲ್ಲ ಒಂದೇ ಕಡತದಲ್ಲಿರಲಿ. ಪರಿಶೀಲನೆಗೆ ಬರುವವರು ಬ್ಲಾಕ್ ಮೇಲಿನ ಸಂಖ್ಯೆ ನೋಡಲು ಕೇಳುತ್ತಾರೆ. ಆ ಜಾಗವನ್ನು ಬಣ್ಣದಿಂದ ಮುಚ್ಚದೆ, ತೆಳು ಎಣ್ಣೆ ಸವರಿ ಸ್ವಚ್ಛವಾಗಿಡಿ.